ಬೆರಳು ಏಳುವ ತನಕ ಕಾಯುವಾಕೆ

ಬೆಳಗಿನ ಜಾವ ಐದು ಗಂಟೆ. ಸೂಳೆಕೆರೆಯ ಮೇಲೆ ಕೂತಿದ್ದ ಮಂಜು ಏರಿ ದಾಟಿ, ಊರೊಳಗೆ ಇಳಿದು, ಅಜ್ಜಮ್ಮನ ಮನೆಯ ಜಗಲಿವರೆಗೂ ಬಂದಿದೆ. ಎದುರು ಮನೆಯ ಎಮ್ಮೆ ಕಾಣುವುದಿಲ್ಲ, ಅದರ ಉಸಿರು ಮಾತ್ರ ಕೇಳುತ್ತದೆ. ಇಂಥ ಹೊತ್ತಲ್ಲಿ ದುರ್ಗಾಂಬಿಕಾ ಮೊಪೆಡ್ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯ ಪೊರಕೆ ಎತ್ತಿಕೊಂಡು ಅಂಗಳ ಗುಡಿಸುತ್ತಾರೆ. ನೀರು ಹಾಕುತ್ತಾರೆ, ನಾಲ್ಕೆಳೆ ರಂಗೋಲಿ ಬಿಡುತ್ತಾರೆ. ಇದು ಅವರ ಮನೆಯಲ್ಲ. ಅವರು ಮನೆಗೆಲಸದವರೂ ಅಲ್ಲ. ಹೆಗಲ ಚೀಲದಲ್ಲಿ ಒಂದು ಗಡಿಯಾರ, ಕೈಹಿಡಿತದ ಬಲ ಅಳೆಯುವ ಪುಟ್ಟ ಉಪಕರಣ, ದಾವಣಗೆರೆಯ ಸಂಧಿವಾತ ಸಂಶೋಧನಾ ತಂಡದ ಹಾಳೆಗಳಿವೆ.

ಒಳಗಿಂದ ದನಿ ಬರುತ್ತದೆ. "ನಂಗೆ ಎಚ್ಚರಾತು ಕಣೇ ದುರ್ಗಮ್ಮ. ಕೈಗೆ ಇನ್ನೂ ಆಗಿಲ್ಲ."

ದುರ್ಗಾಂಬಿಕಾ ಗಡಿಯಾರದ ಗುಂಡಿ ಒತ್ತಿ, ಅಜ್ಜಮ್ಮನ ಚಾಪೆಯ ಪಕ್ಕ ಕೂರುತ್ತಾರೆ. ಇನ್ನು ಕಾಯುವುದೇ ಕೆಲಸ. ಮಡಚಿದ ಬೆರಳ ತುದಿ ಅಂಗೈ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದನ್ನು ಬರೆದುಕೊಳ್ಳಬೇಕು.

ಕೀಲುನೋವೆಂದರೆ ಊರಲ್ಲಿ ಎಲ್ಲಕ್ಕೂ ಒಂದೇ ಹೆಸರು, ವಾಯು. ಅಜ್ಜಮ್ಮನಿಗೆ ಇರುವುದು ಬೇರೆ ಬಗೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಕಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬೆಳಿಗ್ಗೆ ಅದರ ಕಾಟ ಹೆಚ್ಚು. ಗುಳಿಗೆಯನ್ನು ರಾತ್ರಿ ಊಟದ ಮೇಲೆ ನುಂಗಿದರೆ ಬೆಳಗಿನ ಬಿಗಿತ ತಗ್ಗೀತೇ ಎಂದು ತಂಡ ಹುಡುಕುತ್ತಿದೆ. ಅದಕ್ಕಾಗಿ ಆರು ಊರುಗಳ ನಲವತ್ತಾರು ಹೆಂಗಸರ ಕೈಗಳನ್ನು ದುರ್ಗಾಂಬಿಕಾ ಅಳೆಯುತ್ತಾರೆ. ದಿನಕ್ಕೆ ಎರಡೇ ಮನೆ, ಅದೂ ಅಕ್ಕಪಕ್ಕದವು. ಬಿಸಿಲೇರಿದರೆ ಅಳೆಯಲು ಏನೂ ಉಳಿದಿರುವುದಿಲ್ಲ.

ನಲವತ್ತನಾಲ್ಕು ವರ್ಷದ ಅವರ ತವರು ಜಗಳೂರು ಸೀಮೆ. ಅವರ ತಾಯಿಗೂ ಇದೇ ಕಾಯಿಲೆ ಇತ್ತು. "ಅವ್ವನ ಕೈ ಬಿಚ್ಚೋ ಹೊತ್ತಿಗೆ ಸ್ಕೂಲ್ ಬೆಲ್ ಹೊಡೆದಿರ್ತಿತ್ತು ರೀ. ಪಕ್ಕದ ಮನೆ ಬೊಮ್ಮಕ್ಕ ನಂಗೆ ಜಡೆ ಹಾಕೋಳು. ಅವ್ವ ನೋಡ್ಕೋತಾ ಕೂತಿರೋಳು," ಎನ್ನುತ್ತಾರೆ. ಪಿಯುಸಿ ಓದಿ, ಮದುವೆಯಾಗಿ ಸಂತೇಬೆನ್ನೂರಿಗೆ ಬಂದ ಅವರು ನಾಲ್ಕು ವರ್ಷದ ಹಿಂದೆ ಈ ಕೆಲಸ ಹಿಡಿದರು. ಗಂಡ ಕೆಂಚೇಶ್‌ಗೆ ಸೈಕಲ್ ಅಂಗಡಿ. "ನಮ್ಮನೆಯಾಕೆ ಊರ ಅಂಗಳ ಎಲ್ಲ ಗುಡಿಸ್ತಾಳೆ, ನಮ್ಮ ಅಂಗಳಕ್ಕೆ ನಾನೇ ಗತಿ," ಎಂದು ಅವರು ನಗುತ್ತಾರೆ. ನಿಜವಾಗಿಯೂ ಅವರೇ ಗುಡಿಸುತ್ತಾರೆ.

ಕಾಯುವ ಹೊತ್ತಿನಲ್ಲಿ ಹೆಂಗಸರು ಕನಸು ಹೇಳುತ್ತಾರೆ. ಅರ್ಧ ನಿದ್ದೆ, ಅರ್ಧ ಎಚ್ಚರ, ಕಿಟಕಿಯಲ್ಲಿ ಬೂದುಬಣ್ಣದ ಬೆಳಕು. ಒಬ್ಬಾಕೆ ರಾತ್ರಿಯಿಡೀ ಕೆರೆಯ ತಳದಲ್ಲಿ ನಡೆದಿರುತ್ತಾಳೆ, ಸೀರೆ ಮಾತ್ರ ಒದ್ದೆಯಾಗಿರುವುದಿಲ್ಲ. ಅಜ್ಜಮ್ಮನ ಕನಸಲ್ಲಿ ಅಡಿಕೆ ರಾಶಿ. ಮೂವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು ಅವರು.

"ಕನಸಲ್ಲಿ ನನ್ನ ಬೆರಳು ಹೆಂಗೆ ಓಡ್ತಾವೆ ಅಂತೀಯ! ರಾಶಿ ಕರಗ್ತಾನೆ ಇರತೈತೆ, ನೋವಿಲ್ಲ, ಏನಿಲ್ಲ. ಎದ್ದು ನೋಡಿದ್ರೆ ಕಟ್ಟಿಗೆ," ಎನ್ನುತ್ತಾರೆ ಅಜ್ಜಮ್ಮ.

ದುರ್ಗಾಂಬಿಕಾ ಇದನ್ನೂ ಹಾಳೆಯ ಕೊನೆಗಿರುವ 'ಇತರೆ' ಎಂಬ ಜಾಗದಲ್ಲಿ ಬರೆಯುತ್ತಾರೆ. ಯಾರೂ ಕೇಳಿಲ್ಲ. ಬರೆಯದೆ ಬಿಡಲು ಅವರಿಗೆ ಮನಸ್ಸು ಬರುವುದಿಲ್ಲ, ಅಷ್ಟೆ.

ಮೊದಲ ವರ್ಷ ಎಲ್ಲವೂ ಎಷ್ಟು ಚೆನ್ನಾಗಿತ್ತೆಂದರೆ ಅನುಮಾನ ಬರಬೇಕಿತ್ತು. ಇವರ ಆರೂ ಊರಲ್ಲಿ ಬಿಗಿತ ಹತ್ತು ನಿಮಿಷ, ಐದು ನಿಮಿಷ. ಅಜ್ಜಮ್ಮನ ಹೆಸರಿನ ಮುಂದೆ ಐದು ತಿಂಗಳು ಸಾಲಾಗಿ ಸೊನ್ನೆ. ದಾವಣಗೆರೆಯ ಸಭೆಯಲ್ಲಿ ಚಪ್ಪಾಳೆ ಬಿತ್ತು. ತಂಡದ ಡಾಕ್ಟರ್ ಶಿವಲೀಲಾ ಬೆನ್ನು ತಟ್ಟಿದರು.

ಆಮೇಲೊಂದು ದಿನ ದುರ್ಗಾಂಬಿಕಾ ಫೋನಿನ ಅಲಾರಂ ತಪ್ಪಾಗಿ ಇಟ್ಟು ಒಂದು ಗಂಟೆ ಮೊದಲೇ ಅಜ್ಜಮ್ಮನ ಮನೆ ತಲುಪಿದರು. ಬಚ್ಚಲಲ್ಲಿ ದೀಪ ಉರಿಯುತ್ತಿತ್ತು. ಹಂಡೆಯಿಂದ ಬಗ್ಗಿಸಿಕೊಂಡ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿ, ತುಟಿ ಕಚ್ಚಿಕೊಂಡು ಕೂತಿದ್ದರು ಅಜ್ಜಮ್ಮ. ಕಣ್ಣಲ್ಲಿ ಧಾರಾಕಾರ ನೀರು.

"ಏನಮ್ಮಾ ಇದು?" ಎಂದರೆ ಅವರಿಗೇ ಅಚ್ಚರಿ. "ಮತ್ತೆ? ಹೊತ್ತುಮುಂಚೆ ಮನೆಗೆ ಬರೋರ ಮುಂದೆ ಅಂಗಳ ಹಂಗೇ ಬಿಟ್ಟು, ಮುರುಟಿದ ಕೈ ಇಟ್ಕಂಡು ಕೂರಾಕೆ ಆಗತೈತಾ? ನೀ ಬರೋ ದಿನ ಮೂರಕ್ಕೇ ಏಳ್ತೀನಿ. ನೀರಾಗೆ ಕೈ ಇಟ್ಟು ಸಡಿಲ ಮಾಡ್ಕಂತೀನಿ, ರಂಗೋಲಿ ಹಾಕ್ತೀನಿ. ನಾವು ಕಡಿಮೆ ಮಾರ್ಕ್ಸ್ ತಗಂಡ್ರೆ ನಿಂಗಲ್ವಾ ಕೆಟ್ಟ ಹೆಸರು?"

ಉಳಿದ ಮನೆಗಳಲ್ಲಿ ಕೇಳಿದಾಗ ನಲವತ್ತಾರರಲ್ಲಿ ಮೂವತ್ತೊಂದು ಮಂದಿ ಇದನ್ನೇ ಮಾಡುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಟ್ಟದ್ದಲ್ಲ. ಬಂದವರ ಮುಂದೆ ಮನೆ, ಕೈ ಎರಡೂ ಓರಣವಾಗಿರಬೇಕೆಂದು ಹೇಳಿಕೊಡಬೇಕಾದ ಹೆಂಗಸರು ಈ ಸೀಮೆಯಲ್ಲಿಲ್ಲ.

ದುರ್ಗಾಂಬಿಕಾ ಸುಮ್ಮನಿರಬಹುದಿತ್ತು. ಹೇಳಿದರೆ ಕೆಲಸ ಹೋದೀತು ಎಂಬ ಭಯ ಇತ್ತು. ಆದರೆ ಹಾಳೆ ಓದಿಯೇ ಡಾಕ್ಟರು ಔಷಧಿ ತೀರ್ಮಾನಿಸುತ್ತಿದ್ದರು. ಸೊನ್ನೆ ಕಂಡವರಿಗೆ ಔಷಧಿ ಬದಲಿಸುವ ಮಾತೇ ಇರಲಿಲ್ಲ. ಆ ಐದು ತಿಂಗಳಲ್ಲಿ ಅಜ್ಜಮ್ಮನ ಬಲಗೈಯ ಎರಡು ಬೆರಳು ಸೊಟ್ಟಗಾದವು. ಇನ್ನವು ನೆಟ್ಟಗಾಗುವುದಿಲ್ಲ.

"ನನ್ನ ಕೈಯಾರೆ ಬರೆದ ಸೊನ್ನೆ ಅವು," ಎನ್ನುವಾಗ ದುರ್ಗಾಂಬಿಕಾ ತಲೆ ಎತ್ತುವುದಿಲ್ಲ. "ಎಲ್ಲರ ಮನೇಲೂ ಕೇಳಿ ಮುಗಿದ ಮರುದಿನವೇ ಬಸ್ ಹತ್ತಿ ಹೋಗಿ ಮೇಡಂ ಹತ್ರ ಹೇಳ್ದೆ. ಅವರು ಬೈಯ್ಲಿಲ್ಲ. ಬೈದಿದ್ರೆ ಹಗುರಾಗ್ತಿತ್ತು."

ಡಾಕ್ಟರ್ ಶಿವಲೀಲಾ ಮೂವತ್ತೊಂದು ಮಂದಿಯ ಲೆಕ್ಕವನ್ನೆಲ್ಲ ಬದಿಗಿಟ್ಟರು. ಮತ್ತೆ ಮೊದಲಿಂದ ಶುರುವಾಗಬೇಕಾಯಿತು. ಕೆಲಸ ಉಳಿಯಿತು, ತೊಡಕೂ ಉಳಿಯಿತು. ಹೇಳದೆ ಕೇಳದೆ ಹೋದರೆ ಹೆಂಗಸರಿಗೆ ಅವಮಾನ, ಹೇಳಿ ಹೋದರೆ ಹಂಡೆ ಕಾಯುತ್ತದೆ. ಅಂಜಿನಮ್ಮ ಎಂಬಾಕೆಯಂತೂ ಎರಡು ಸಲ ಬಾಗಿಲೇ ತೆಗೆಯಲಿಲ್ಲ.

ಮೂರನೇ ಸಲ ದುರ್ಗಾಂಬಿಕಾ ಬಾಗಿಲು ಬಡಿಯಲಿಲ್ಲ. ಹೊರಗಿದ್ದ ಪೊರಕೆ ತೆಗೆದುಕೊಂಡು ಅಂಗಳ ಗುಡಿಸಿದರು, ನೀರು ಹಾಕಿದರು, ರಂಗೋಲಿ ಬಿಟ್ಟರು. ಬಾಗಿಲು ತಾನಾಗಿ ತೆರೆಯಿತು. "ಹಿಂಗೆ ಮಾಡಾಕೆ ನೀನೇನು ಈ ಮನೆ ಮಗಳಾ?" ಎಂದರಂತೆ ಅಂಜಿನಮ್ಮ. "ಹೂಂ ಅನ್ರೀ, ಒಳಗೆ ಬರ್ತೀನಿ," ಎಂದರಂತೆ ಇವರು. ಮಗಳ ಮುಂದೆ ಮುರುಟಿದ ಕೈ ಮುಚ್ಚಿಡುವ ತಾಯಿ ಎಲ್ಲಿದ್ದಾಳೆ? ಅಂದಿನಿಂದ ಪ್ರತಿ ಮನೆಯ ಅಂಗಳವನ್ನೂ ಇವರೇ ಗುಡಿಸುತ್ತಾರೆ, ಯಾರ ಮನೆಯಲ್ಲೂ ಬಿಸಿನೀರು ಕಾಯುವುದಿಲ್ಲ. ಅಳತೆಯ ಕ್ರಮಗಳ ಪಟ್ಟಿಯಲ್ಲಿ ಡಾಕ್ಟರ್ ಶಿವಲೀಲಾ ಪೊರಕೆಯನ್ನೂ ಸೇರಿಸಿದ್ದಾರೆ.

ಈಗ ಬರುವ ಅಂಕಿಗಳು ಚೆನ್ನಾಗಿಲ್ಲ. ಇಡೀ ಅಧ್ಯಯನದಲ್ಲಿ ಅತಿ ಹೆಚ್ಚು ಬಿಗಿತ ಇವರ ಊರುಗಳದ್ದೇ. ಚಪ್ಪಾಳೆ ನಿಂತಿದೆ. ಆದರೆ ಒಂಬತ್ತು ಹೆಂಗಸರಿಗೆ ಹಳೆಯ ಗುಳಿಗೆ ನಾಟುತ್ತಿಲ್ಲವೆಂದು ತಿಳಿದು ಔಷಧಿ ಬದಲಾಗಿದೆ. ಅದರಲ್ಲಿ ಅಜ್ಜಮ್ಮನೂ ಒಬ್ಬರು.

ಕಿಟಕಿಯ ಬೆಳಕು ಹಳದಿಗೆ ತಿರುಗುತ್ತದೆ. ಅಜ್ಜಮ್ಮನ ಎಡಗೈ ನಿಧಾನ ಮಡಚಿಕೊಂಡು, ಕಿರುಬೆರಳು ಕೊನೆಗೆ ಅಂಗೈ ಮುಟ್ಟುತ್ತದೆ. ಬಲಗೈಯಲ್ಲಿ ಎರಡನ್ನು ಬಿಟ್ಟು ಉಳಿದವು ಮುಟ್ಟುತ್ತವೆ. ದುರ್ಗಾಂಬಿಕಾ ಗಡಿಯಾರ ನಿಲ್ಲಿಸುತ್ತಾರೆ. ಐವತ್ತೆರಡು ನಿಮಿಷ. ಹೋದ ತಿಂಗಳು ಎಪ್ಪತ್ತು ಇತ್ತು.

"ಎಷ್ಟು ಬಂತೇ? ಪಾಸಾ?" ಎನ್ನುತ್ತಾರೆ ಅಜ್ಜಮ್ಮ.

"ಇನ್ನೂ ಇಲ್ಲಮ್ಮ. ಇಳೀತಾ ಐತೆ."

ಮೊಪೆಡ್ ಹತ್ತುವ ಮುನ್ನ, ನಿಮಗೇನು ಆಸೆ ಎಂದು ಕೇಳಿದರೆ ದುರ್ಗಾಂಬಿಕಾ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಾರೆ.

"ಅಜ್ಜಮ್ಮನ ಹೆಸರಿನ ಮುಂದೆ ಒಂದು ಸೊನ್ನೆ ಬರೀಬೇಕು ರೀ. ಈ ಸಲ ನಿಜದ್ದು."