ಓರಗಿತ್ತಿ ಕೇಳಿದ ಮಾತು

ನನ್ನ ಮೊಮ್ಮಗಳ ನಾಲ್ಕು ವರ್ಷ ಹಾಳಾಗದಂತೆ ಉಳಿಸಿದ್ದು ನನ್ನ ಓರಗಿತ್ತಿ. ನಾನಲ್ಲ. ಇದನ್ನು ಹೇಳುವಾಗ ಈಗಲೂ ಹೊಟ್ಟೆಯೊಳಗೆ ಮೆಣಸು ಅರೆದಂತಾಗುತ್ತದೆ.

ಹಾಲು ಕರೆದು ಕರೆದು ಅವಳ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಯಾರನ್ನಾದರೂ ವಿಚಾರಿಸುವಾಗ ಆ ಬೆರಳನ್ನು ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದಳು. ನನ್ನ ಗಂಡನ ತಮ್ಮನ ಹೆಂಡತಿ. ಅಜ್ಜಾವರದಲ್ಲಿ ನಮ್ಮದು ಒಂದೇ ಅಂಗಳದ ಎರಡು ಮನೆ. ದನ ಕೊಳ್ಳುವಾಗ ಊರವರು ಜೊತೆಗೆ ಬರಲು ಹೇಳುತ್ತಿದ್ದದ್ದು ಅವಳಿಗೆ. ಕೆಚ್ಚಲು ಎಷ್ಟೇ ದೊಡ್ಡದಿರಲಿ, ಎದುರಿಗೆ ಹಾಲು ಕರೆದು ತೋರಿಸದೆ ಅವಳು ದನದ ಹಗ್ಗ ಮುಟ್ಟುತ್ತಿರಲಿಲ್ಲ. ಜ್ವರ ಬಂದರೆ ನಾನು ಹೆತ್ತ ಮಕ್ಕಳೂ ಅವಳ ಕೈಯ ಗಂಜಿಯನ್ನೇ ಕೇಳುತ್ತಿದ್ದವು.

ಮೊಮ್ಮಗಳಿಗೆ ನರ್ಸಿಂಗ್ ಓದುವ ಆಸೆ. ದೂರದ ಊರಿನ ಹೊಸ ಕಾಲೇಜಿನ ಏಜೆಂಟ್ ಒಬ್ಬ ಮನೆಗೆ ಬಂದ. ನನ್ನ ಕಾಲು ಮುಟ್ಟಿ ನಮಸ್ಕರಿಸಿದ, ಕಟ್ಟಡದ ಚಿತ್ರ ತೋರಿಸಿದ. ನನಗೆ ಅಷ್ಟೇ ಸಾಕಾಯಿತು. ಸೇರಿಸಿಬಿಡಿ ಎಂದೆ. ಅಷ್ಟರಲ್ಲಿ ಅಂಗಳ ದಾಟಿ ಬಂದ ಓರಗಿತ್ತಿ ಗಲ್ಲಕ್ಕೆ ಬೆರಳು ಒತ್ತಿದಳು.

"ಕಟ್ಟಡ ಚಂದ ಉಂಟು ಮಾರಾಯ್ರೆ. ಅಲ್ಲಿ ಕಲಿತು ಆಸ್ಪತ್ರೆಗೆ ಸೇರಿದ ಒಬ್ಬಳನ್ನು ತೋರಿಸಿ."

ಇದು ಮೊದಲ ವರ್ಷ, ಮಾನ್ಯತೆ ಇನ್ನೇನು ಬರುತ್ತದೆ ಎಂದ ಅವನು.

"ಬರ್ಲಿ. ಅದು ಬಂದ ಮೇಲೆ ನೀವೂ ಬನ್ನಿ."

ಹೊರಗಿನವನ ಎದುರು ನನ್ನ ಮಾತು ಕಡಿದಳೆಂದು ನಾನು ಕಾಫಿ ಲೋಟ ಕುಕ್ಕಿದೆ. ಮೊಮ್ಮಗಳು ಮಾತ್ರ ಮೊಬೈಲಿನಲ್ಲಿ ನರ್ಸಿಂಗ್ ಕೌನ್ಸಿಲ್ ಮಾನ್ಯ ಮಾಡಿದ ಕಾಲೇಜುಗಳ ಪಟ್ಟಿ ತೆಗೆದು ನೋಡಿದಳು. ಆ ಕಾಲೇಜಿನ ಹೆಸರಿರಲಿಲ್ಲ. ಕೌನ್ಸಿಲಿಗೆ ಫೋನ್ ಮಾಡಿ ಕೇಳಿದರೆ, ಅಲ್ಲಿ ಓದಿದರೆ ನರ್ಸ್ ಎಂದು ನೋಂದಣಿಯೇ ಆಗುವುದಿಲ್ಲ ಎಂದರಂತೆ. ಅವಳು ಓಡಿ ಹೋಗಿ ತಬ್ಬಿಕೊಂಡದ್ದು ಸಣ್ಣಜ್ಜಿಯನ್ನು.

"ಅಕ್ಕನ ಕಾಲು ಮುಟ್ಟಿದ್ರೆ ಆಯ್ತು, ಕೊಟ್ಟಿಗೆಯನ್ನೂ ಬರೆದು ಕೊಡ್ತಾರೆ" ಎಂದು ಓರಗಿತ್ತಿ ನಕ್ಕಳು. ನಾನು ಆ ತಿಂಗಳಿಡೀ ಅವಳ ಮನೆಯ ಮಜ್ಜಿಗೆ ಮುಟ್ಟಲಿಲ್ಲ.

ಮೊಮ್ಮಗಳು ಪಟ್ಟಿಯಲ್ಲಿದ್ದ ಕಾಲೇಜಿನಲ್ಲೇ ಓದಿ ಈಗ ಪುತ್ತೂರಿನ ಆಸ್ಪತ್ರೆಯಲ್ಲಿದ್ದಾಳೆ. ಓರಗಿತ್ತಿ ಹಾಸಿಗೆ ಹಿಡಿದಾಗ ರಜೆ ಹಾಕಿ ಬಂದಳು. ಮೈ ಒರೆಸಿದಳು, ತಲೆ ಬಾಚಿದಳು, ಉಸಿರು ನಿಂತಾಗ ಕಣ್ಣು ಮುಚ್ಚಿಸಿದಳು. ನನಗೂ ಇಷ್ಟು ಮಾಡುತ್ತಾಳಾ ಎಂದೇ ನಾನು ನೋಡುತ್ತಾ ಕೂತಿದ್ದೆ.

ಉತ್ತರಕ್ರಿಯೆಯ ಊಟಕ್ಕೆ ಬಂದ ಮರ್ಕಂಜದ ನೆಂಟರ ಮನೆಯ ಸೊಸೆಯೊಬ್ಬಳು, ಮಗಳನ್ನು ಹೊಸ ನರ್ಸಿಂಗ್ ಕಾಲೇಜಿಗೆ ಸೇರಿಸಲು ನಾಳೆ ಏಜೆಂಟ್ ಬರುತ್ತಾನೆ ಎಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮರ್ಕಂಜಕ್ಕೆ ಹೋದೆ. ಏಜೆಂಟ್ ಆಗಲೇ ಬಂದು ಕಟ್ಟಡದ ಚಿತ್ರ ತೋರಿಸುತ್ತಿದ್ದ. ಅಲ್ಲಿ ಕಲಿತು ಆಸ್ಪತ್ರೆಗೆ ಸೇರಿದ ಒಬ್ಬಳನ್ನು ತೋರಿಸಿ ಎಂದೆ. ಅಜ್ಜಿ ಒಳ್ಳೆಯದು ಕೇಳಿದರು ಎಂದರು ಎಲ್ಲರೂ. ಅದು ಯಾರ ಮಾತೆಂದು ನಾನು ಹೇಳಲಿಲ್ಲ.