ಇಡ್ಲಿ ಬಂದ್ ಆದ ಸಂಜೆ

ಮೊನ್ನೆ ಮಹಾಪೆಯಲ್ಲಿ ಬಸ್ಸಿಳಿಯುತ್ತಿದ್ದಂತೆ ಯಾವುದೋ ಹೋಟೆಲಿನ ಇಡ್ಲಿಯ ಹಬೆ ಮೂಗಿಗೆ ಬಡಿಯಿತು. ನಿಮಗಾದರೆ ಹಸಿವಾಗುತ್ತಿತ್ತು. ನನಗೆ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ಅಪ್ಪನ ನೆನಪಾಗುತ್ತದೆ.

ಡೊಂಬಿವಲಿಯಲ್ಲಿ ನಮ್ಮದು ಕೆಳಗೆ ಹೋಟೆಲು, ಮೇಲೆ ಮನೆ. ಎಂ.ಎಸ್ಸಿ. ಓದುತ್ತಿದ್ದ ನಾನು ಕಾಲೇಜಿನ ದೂರದರ್ಶಕವನ್ನು ಕಾಡಿ ಬೇಡಿ ತಂದು ಟೆರೇಸಿನಲ್ಲಿ ನಿಲ್ಲಿಸಿದ್ದೆ. ದೂರದ ಒಂದು ನಕ್ಷತ್ರವನ್ನು ನಮ್ಮ ಗುರುಗ್ರಹದಂಥ ದೈತ್ಯ ಗ್ರಹ ಸುತ್ತುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ನಕ್ಷತ್ರದ ಮುಂದೆ ಹಾಯುವಾಗ ಬೆಳಕು ನೂರರಲ್ಲಿ ಒಂದೆರಡು ಪಾಲು ಕುಗ್ಗುತ್ತದೆ. ಅಷ್ಟನ್ನು ಅಳೆದು ಗ್ರಹದ ಗಾತ್ರ ಹೇಳುವುದೇ ನನ್ನ ಪ್ರಾಜೆಕ್ಟು.

ಗ್ರಹ ಹಾಯಬೇಕಾದ ಸಂಜೆ ಬೆಳಕು ಕುಗ್ಗಿಯೇಬಿಟ್ಟಿತು. ಅಪ್ಪ ಗಿರಾಕಿಗಳಿಗೆಲ್ಲ ಶೀರಾ ಹಂಚಿದರು. ಮರುದಿನ, ಗ್ರಹ ಹಾಯದ ಸಂಜೆ, ತಾಳೆ ನೋಡಲು ಮತ್ತೆ ಅಳೆದೆ. ಆಗಲೂ ಕುಗ್ಗಿತು! ಬಗ್ಗಿ ನೋಡಿದರೆ, ನಮ್ಮ ಅಡುಗೆಮನೆಯ ಚಿಮಣಿಯಿಂದ ಇಡ್ಲಿಯ ಹಬೆ ನೇರ ನನ್ನ ನಕ್ಷತ್ರದ ದಾರಿಗೇ ಏರುತ್ತಿತ್ತು.

“ಅಷ್ಟು ದೂರದ ಗ್ರಹ ಕಾಣ್ತದೆ, ಕೆಳಗಿನ ಹಬೆ ಕಾಣ್ಲಿಲ್ವಾ ಮಾರಾಯ್ತಿ?” ಎಂದು ಅಪ್ಪ ನಕ್ಕರು. ನನಗೆ ಅಳುವೇ ಬಂತು. ಮಳೆಗಾಲಕ್ಕೆ ಮುಂಚೆ ಉಳಿದದ್ದು ಒಂದೇ ಅವಕಾಶ, ಬರುವ ಶನಿವಾರ. ಅದೂ ತಪ್ಪಿದರೆ ಒಂದು ವರ್ಷವೇ ಹೋದಂತೆ.

ಶನಿವಾರ ಸಂಜೆಯೆಂದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂದು ಅಪ್ಪ ತಾವೇ ಒಲೆ ಆರಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಲೋಕಲ್ ರೈಲು ಇಳಿದು ಬಂದವರಿಗೆ, “ಆಜ್ ಇಡ್ಲಿ ಬಂದ್” ಎಂದರು.

“ಕ್ಯೋಂ ಅಣ್ಣಾ, ಗ್ಯಾಸ್ ಖತಂ?”

“ನಹೀ. ಬೇಟೀ ಕೋ ಆಸ್ಮಾನ್ ಸಾಫ್ ಚಾಹಿಯೇ.”

ಮಗಳಿಗೆ ಶುಭ್ರ ಆಕಾಶ ಬೇಕು ಎಂದದ್ದನ್ನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಆ ಸಂಜೆ ಬೆಳಕು ನಿಧಾನವಾಗಿ ಕುಗ್ಗಿತು, ಎರಡು ತಾಸು ಹಾಗೆಯೇ ಇದ್ದು ಮೇಲೆದ್ದಿತು. ಈ ಸಲ ಗ್ರಹವೇ. ಬಾಗಿಲು ಹಾಕಿ ಮೇಲೆ ಬಂದ ಅಪ್ಪ, “ಅಲ್ಲಿ ಯಾರಾದ್ರೂ ಇದ್ದಾರಾ?” ಎಂದು ಕೇಳಿದರು.

“ಯಾರೂ ಇಲ್ಲ ಅಪ್ಪ. ಬರೀ ಬಿಸಿ ಗಾಳಿ.”

“ಅದಕ್ಕಾ ಇಷ್ಟು ಜನರನ್ನು ವಾಪಸ್ ಕಳಿಸಿದ್ದು ನಾನು!”

ವರದಿಯಲ್ಲಿ ‘ಆಕಾಶ ಶುಭ್ರವಾಗಿತ್ತು’ ಎಂದಷ್ಟೇ ಬರೆದೆ. “ನಮ್ಮ ಹೋಟೆಲಿನ ಸುದ್ದಿ ಉಂಟಾ ಅದರಲ್ಲಿ?” ಎಂದು ಅಪ್ಪ ಕೇಳಿದರು.

“ಇಡ್ಲಿ ವಿಷಯ ಎಲ್ಲ ಬರೆಯೋದಿಲ್ಲ ಅಪ್ಪ.”

“ಹೌದಾ? ಇರ್ಲಿ ಬಿಡು,” ಎಂದು ಕೆಳಗಿಳಿದು ಹೋದರು. ಹಬೆಯನ್ನು ಗ್ರಹವೆಂದುಕೊಂಡದ್ದು ಹೊರಬಿದ್ದರೆ ನಗುತ್ತಾರೆಂಬ ಭಯ ನನಗೆ. ಆ ಭಯಕ್ಕೆ ಇಂದಿಗೂ ಸಂಕಟಪಡುತ್ತೇನೆ. ಅಪ್ಪ ಈಗಿಲ್ಲ.

ನಾನೀಗ ಪಾಠ ಹೇಳುವವಳು. ಮೊನ್ನೆ ಬಸ್ಸಿಳಿದು ಕ್ಲಾಸಿಗೆ ಹೋದಾಗ ವಿದ್ಯಾರ್ಥಿನಿಯೊಬ್ಬಳು ವರದಿ ತಂದಿದ್ದಳು: ಆಕಾಶ ಶುಭ್ರವಾಗಿತ್ತು.

“ಯಾರು ಶುಭ್ರ ಮಾಡಿದ್ದು?” ಎಂದು ಕೇಳಿದೆ. “ಅವರ ಹೆಸರು ಬರೆದುಕೊಂಡು ಬಾ.”