ರೇಡಿಯೋ ಅಕ್ಕೋರಿಗೆ ಕೇಳಿಸುತ್ತದೆ

ಯರಗುಪ್ಪಿಯಲ್ಲಿ ನಾನು ಐದನೇ ತರಗತಿಗೆ ಕಲಿಸುತ್ತಿದ್ದಾಗ, ಮಧ್ಯಾಹ್ನದ ಊಟ ಮುಗಿದ ಮೇಲೆ ಸರ್ಕಾರಿ ರೇಡಿಯೋದಲ್ಲಿ ಇಂಗ್ಲಿಷ್ ಪಾಠ ಬರುತ್ತಿತ್ತು. ಪಾಠ ಹೇಳುವ ಹೆಣ್ಣುಮಗಳು ಒಂದು ಪ್ರಶ್ನೆ ಕೇಳಿ, ಮಕ್ಕಳು ಉತ್ತರಿಸಲೆಂದು ತುಸು ಹೊತ್ತು ಸುಮ್ಮನಾಗುತ್ತಿದ್ದಳು. ಆಮೇಲೆ "ಶಾಬಾಷ್, ಸರಿಯಾಗಿ ಹೇಳಿದಿರಿ" ಅನ್ನುತ್ತಿದ್ದಳು. ನಮ್ಮವರು ತುಟಿ ಬಿಚ್ಚದೆ ಕೂತಿದ್ದರೂ ಶಾಬಾಷ್ ಸಿಗುತ್ತಿತ್ತು. ಅಷ್ಟು ಧಾರಾಳದ ಶಿಕ್ಷಕರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಕ್ಕಳ ಬಾಯಿ ಬಿಡಿಸಲು ಬೈದೆ, ಪುಸಲಾಯಿಸಿದೆ. ನಡೆಯಲಿಲ್ಲ. ಒಂದು ದಿನ ಸಿಟ್ಟು ನೆತ್ತಿಗೇರಿ, ರೇಡಿಯೋ ಅಕ್ಕೋರಿಗೆ ಎಲ್ಲ ಕೇಳಿಸುತ್ತದೆ, ಯಾರು ಸುಮ್ಮನಿದ್ದರು ಅನ್ನುವುದೂ ಗೊತ್ತಾಗುತ್ತದೆ ಅಂದುಬಿಟ್ಟೆ. ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ, ನನ್ನಂಥ ಗಂಡಸರು ಸರ. ದೂರದ ಮಾವನ ಮುಖ ಮೊಬೈಲಿನಲ್ಲಿ ನೋಡಿ ಮಾತಾಡುವ ಮಕ್ಕಳಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ್ದು ಒಂದೇ. ಮರುದಿನದಿಂದ ತರಗತಿ ಹೆಂಚು ಹಾರುವಂತೆ ಉತ್ತರ ಕೊಟ್ಟಿತು.

ಎಲ್ಲರಿಗಿಂತ ಮೊದಲ ದನಿ ಒಬ್ಬ ಕುರಿಗಾರನ ಮಗಳದು. ತಪ್ಪು ಹೇಳಿದ ದಿನ ರೇಡಿಯೋದ ಹತ್ತಿರ ಹೋಗಿ ಮೆಲ್ಲಗೆ ತಿದ್ದಿ ಹೇಳಿ ಬರುತ್ತಿದ್ದಳು. ನನಗೆ ನಗು ಬರುತ್ತಿತ್ತು. ನಾನು ನಿಜ ಹೇಳಬೇಕಾಗಿದ್ದ ದಿನಗಳು ಅವೇ.

ದೀಪಾವಳಿ ಆದ ಮೇಲೆ ಅವಳ ಮನೆಯವರು ಕುರಿ ಹೊಡೆದುಕೊಂಡು ದೇವಿಕೊಪ್ಪದ ಕಡೆ, ಭತ್ತ ಕೊಯ್ದ ಗದ್ದೆಗಳಿಗೆ ಹೋಗುತ್ತಾರೆ. ಪ್ರತಿ ವರ್ಷ ಅವಳು ಅಜ್ಜಿಯ ಹತ್ತಿರ ಉಳಿಯುತ್ತಿದ್ದಳು. ಈ ಸಲ ಅಕ್ಕನ ಲಗ್ನವಾಗಿತ್ತು, ಮರಿ ನೋಡಿಕೊಳ್ಳಲು ಇವಳೇ ಬೇಕಿತ್ತು. ಎರಡು ಸಲ ಮನೆಗೆ ಹೋದೆ. ಅವಳ ಅಪ್ಪ ಕಂಬಳಿ ಹಾಸಿ ಕೂರಿಸಿ, ಚಹಾ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿ, ಕಡೆಗೆ ಮರಿಗಳನ್ನು ಮತ್ತ್ಯಾರು ನೋಡಿಕೊಳ್ಳಬೇಕು ಎಂದು ಕೇಳಿದ. ಒಮ್ಮೆ ಹೋದ ಹುಡುಗಿ ಶಾಲೆಗೆ ಮರಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ. ಅದನ್ನು ಬಾಯಿಬಿಟ್ಟು ಹೇಳಿದರೂ ಅವನಿಗೆ ಬೇರೆ ದಾರಿ ಕಾಣಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಹುಡುಗಿ ಅಪ್ಪನನ್ನು ಕೈ ಹಿಡಿದು ತರಗತಿಗೆ ಎಳೆದುಕೊಂಡು ಬಂದಳು. ನನಗೆ ಹೇಳಿ ಹೋಗಲು ಬಂದಿದ್ದಾರೆ ಅಂದುಕೊಂಡೆ. ಪಾಠ ನಡೆದಿತ್ತು. ಬಾಳೆಹಣ್ಣಿನ ಬಣ್ಣ ಯಾವುದೆಂದು ರೇಡಿಯೋ ಕೇಳಿ ಸುಮ್ಮನಾಯಿತು. ಮಿಕ್ಕವರು ಬಾಯಿ ತೆರೆಯುವ ಮೊದಲೇ ಇವಳು ರೇಡಿಯೋದತ್ತ ಕೂಗಿದಳು.

"ಅಕ್ಕೋರ, ನನ್ನ ಸಾಲ್ಯಾಗ ಬಿಡಂತ ನಮ್ಮಪ್ಪಗ ಹೇಳ್ರಿ."

"ಶಾಬಾಷ್, ಸರಿಯಾಗಿ ಹೇಳಿದಿರಿ," ಅಂದಿತು ರೇಡಿಯೋ. "ಈಗ ಎಲ್ಲರೂ ಹಾಡೋಣ."

ಹುಡುಗಿ ಗೆದ್ದ ಮುಖ ಹೊತ್ತು ಅಪ್ಪನ ಕಡೆ ತಿರುಗಿದಳು. ವರ್ಷಗಟ್ಟಲೆ ಹೆಗಲಿಗೆ ರೇಡಿಯೋ ಜೋತುಹಾಕಿಕೊಂಡು ಕುರಿ ಕಾಯ್ದ ಮನುಷ್ಯ ಆತ. ಅವಳ ತಲೆ ಸವರಿ, ಅದಕ್ಕೆ ಕಿವಿ ಇರುವುದಿಲ್ಲ, ಯಾರು ಏನಂದರೂ ಅದು ಹಾಗೇ ಅನ್ನುತ್ತದೆ ಅಂದ. ಕೇಳಿಸುತ್ತದೆ ಎಂದು ಸರ ಹೇಳಿದ್ದಾರೆ ಅಂದಳು ಅವಳು. ಇಬ್ಬರೂ ನನ್ನತ್ತ ನೋಡಿದರು. ತರಗತಿಯೆಲ್ಲ ನೋಡಿತು. ಇನ್ನೊಂದು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ, ಹೇಳಿದರೂ ಅವಳು ಉಳಿಯುತ್ತಿರಲಿಲ್ಲ.

"ಕೇಳಸಂಗಿಲ್ಲವ್ವಾ," ಅಂದೆ.

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗಿರುತ್ತಿತ್ತು. ಪಾಟಿಚೀಲ ಹೆಗಲಿಗೇರಿಸಿಕೊಂಡು ಬಾಗಿಲ ತನಕ ಹೋಗಿ ನಿಂತಳು.

"ಹಂಗಾದ್ರ ಇಷ್ಟ ದಿನಾ ನಾ ಯಾರಿಗೆ ಉತ್ತರಾ ಹೇಳ್ತಿದ್ನಿರಿ, ಸರ?"

"ನನಗೆ" ಅನ್ನಬೇಕಿತ್ತು. ಮರುದಿನ ಪ್ರಾರ್ಥನೆಗೆ ಮಕ್ಕಳು ಸಾಲು ನಿಲ್ಲುವ ಹೊತ್ತಿಗೆ ಅವರ ಕುರಿಗಳು ಊರು ದಾಟಿದ್ದವು.